ಮುರುಗಲ ತುಪ್ಪಕ್ಕೆ 649 ರೂಪಾಯಿಯಂತೆ!

ನಿನ್ನೆ ಮಾಲ್‌ನಲ್ಲಿ ಆಗಿದ್ದನ್ನ ಇಲ್ಲಿ ಬರೀದೇ ಇದ್ರೆ ನಂಗೆ ಇವತ್ತೂ ನಿದ್ದೆ ಬರಲ್ಲ. ಮಗಳಿಗೆ ಶೂ ತಗೊಳ್ಳೋಕೆ ಅಂತ ಹೋದೆ, ನಡುವೆ ಒಂದು ಕಾಸ್ಮೆಟಿಕ್ಸ್ ಅಂಗಡಿ ಹುಡುಗಿ ನನ್ನ ಕೈ ನೋಡಿ (ಜನವರಿ ತಿಂಗಳು, ಬೆಂಗಳೂರು, ಗೊತ್ತಲ್ಲ, ಉಗುರಲ್ಲಿ ಗೀಚಿದ್ರೆ ಬಿಳೀ ಗೀಟು, ಬೇಕಿದ್ರೆ ಕೈ ಮೇಲೆ ದಿನಸಿ ಲಿಸ್ಟ್ ಬರ್ಕೋಬಹುದು) "ಮೇಡಂ, ನಿಮ್ದು ತುಂಬಾನೇ ಡ್ರೈ ಸ್ಕಿನ್" ಅಂತ ಸಾವಿನ ಸುದ್ದಿ ಹೇಳೋ ಥರ ಹೇಳಿ ಒಂದು ಪುಟಾಣಿ ಗಾಜಿನ ಡಬ್ಬಿ ಮುಂದಿಟ್ಲು. ಕೋಕಮ್ ಬಟರ್ ಕ್ರೀಮ್. 50 ಗ್ರಾಂ. 649 ರೂಪಾಯಿ.

ನಾನು ಸಿರ್ಸಿ ಕಡೆಯವಳು ಅಂತ ನಿಮಗೆ ಗೊತ್ತು, ಆ ಹುಡುಗಿಗೆ ಪಾಪ ಹೇಗೆ ಗೊತ್ತಿರತ್ತೆ. ಕೋಕಮ್ ಹಣ್ಣಿಗೆ ನಮ್ಮ ಕಡೆ ಮುರುಗಲು ಅಂತೀವಿ, ಅದರ ಬೀಜದ ಕೊಬ್ಬೇ ಮುರುಗಲ ತುಪ್ಪ. "ಇದು ಮುರುಗಲ ತುಪ್ಪ ಅಲ್ವೇನಮ್ಮಾ" ಅಂದೆ. "ಇಲ್ಲ ಮೇಡಂ, ತುಪ್ಪ ಅಲ್ಲ, ಬಟರ್" ಅಂದ್ಲು.

ಬಟರಂತೆ!

ನಮ್ಮ ಅಮ್ಮಮ್ಮ ಏಪ್ರಿಲ್-ಮೇನಲ್ಲಿ ಮುರುಗಲು ಹಣ್ಣಾದಾಗ, ಮಳೆ ಬೀಳೋದ್ರೊಳಗೆ ಕೊಯ್ಸಿ, ಸಿಪ್ಪೆ ಒಂದು ಕಡೆ ಒಣಗಿಸಿ, ಬೀಜ ಇನ್ನೊಂದು ಕಡೆ ಒಣಗಿಸೋಳು. ಬೀಜ ಚೆನ್ನಾಗಿ ಒಣಗಿದ ಮೇಲೆ ಒಡೆದು ಒಳಗಿನ ತಿರುಳನ್ನ ಒರಳಲ್ಲಿ ಕುಟ್ಟಿ, ದೊಡ್ಡ ಪಾತ್ರೇಲಿ ನೀರಿಗೆ ಹಾಕಿ ಕುದಿಸೋದು, ಅಷ್ಟೇ. ಕೊಬ್ಬೆಲ್ಲ ಮೇಲೆ ತೇಲತ್ತೆ, ರಾತ್ರಿ ಹಾಗೇ ಬಿಟ್ರೆ ಬೆಳಗ್ಗೆ ಗಟ್ಟಿ ಬಿಲ್ಲೆ. ಅದನ್ನ ಮತ್ತೆ ಕರಗಿಸಿ ಸೋಸಿ ಗೆರಟೆಗೆ ಹೊಯ್ದು ಇಡೋಳು. ಚಳಿಗಾಲದಲ್ಲಿ ತುಟಿ ಒಡೆದ್ರೆ ಅದೇ, ಗದ್ದೇಲಿ ಓಡಾಡಿ ಹಿಮ್ಮಡಿ ಬಿರುಕು ಬಿಟ್ರೆ ಅದೇ. ರಾತ್ರಿ ದೀಪದ ಹತ್ರ ಹಿಡಿದು ಕರಗಿಸಿ ಕೊಡೋಳು, "ಕೂಸೇ, ಹಚ್ಗ್ಯಂಡು ಮಲ್ಗು" ಅಂತ. ನಾವು ಮೂಗು ಮುರಿಯೋದು. ನಮಗೆ ಟಿವೀಲಿ ಬರೋ ಕ್ರೀಮೇ ಬೇಕಿತ್ತು. ಈಗ ನೋಡಿ, ಟಿವಿ ಕ್ರೀಮ್‌ನವರೇ ಅಮ್ಮಮ್ಮನ ಗೆರಟೆಗೆ ಕೈ ಹಾಕಿದಾರೆ.

ನನ್ನ ಸಿಟ್ಟು ರೇಟಿನ ಮೇಲೆ ಮಾತ್ರ ಅಲ್ಲ. ಡಬ್ಬಿ ತಿರುಗಿಸಿ ಒಳಗೆ ಏನೇನು ಹಾಕಿದಾರೆ ಅನ್ನೋ ಲಿಸ್ಟ್ ನೋಡಿದೆ. ಇದರಲ್ಲೆಲ್ಲ ಜಾಸ್ತಿ ಇರೋದನ್ನ ಮೊದಲು ಬರೀತಾರೆ, ಕಮ್ಮಿ ಇರೋದನ್ನ ಆಮೇಲೆ. ಮೊದಲನೇ ಹೆಸರು ಏನು ಹೇಳಿ? ಆಕ್ವಾ. ಅಂದ್ರೆ ನೀರು, ನೀರು ಸ್ವಾಮೀ! ನಮ್ಮ ಮುರುಗಲು ಏಳನೇ ಜಾಗದಲ್ಲಿ ಮದುವೆ ಊಟದ ಕೊನೇ ಪಂಕ್ತಿಯವರ ಥರ ಕೂತಿತ್ತು. ಡಬ್ಬಿ ಮೇಲೆ ದೊಡ್ಡಕ್ಕೆ ಹಣ್ಣಿನ ಚಿತ್ರ, ಒಳಗೆ ನಲ್ಲಿ ನೀರಿನ ಅಣ್ಣ.

ನಮ್ಮ ಫ್ರೆಂಡ್ ಒಬ್ಬಳು ಫಾರ್ಮಸಿ ಓದಿದವಳು, ರಾತ್ರಿ ಫೋನ್ ಮಾಡಿ ಇದೇ ಗೋಳು ಹೇಳ್ಕೊಂಡ್ರೆ ನನಗೇ ಪಾಠ ಮಾಡಿದ್ಲು. ನೀರಿದ್ರೇನೇ ಅದು ಕ್ರೀಮ್ ಕಣೇ, ಹಗುರಾಗಿ ಹರಡತ್ತೆ, ನೀರಿದೆ ಅಂದ್ಮೇಲೆ ಪ್ರಿಸರ್ವೇಟಿವ್ ಬೇಕು, ಟೆಸ್ಟಿಂಗ್ ಬೇಕು, ಅದಕ್ಕೆಲ್ಲ ದುಡ್ಡು ಬೀಳಲ್ವಾ ಅಂತ. ಬೀಳತ್ತೆ, ಒಪ್ಪಿದೆ. ಅದಕ್ಕೆ 649ಆ? ಅದೂ 50 ಗ್ರಾಂಗೆ?

ಸರಿ, ಒಂದು ವಿಷಯ ಒಪ್ಕೊಂಡುಬಿಡ್ತೀನಿ, ಯಾಕಂದ್ರೆ ಅವಳು ಕಾಮೆಂಟ್‌ನಲ್ಲಿ ಬಂದು ಹೇಳೇ ಹೇಳ್ತಾಳೆ. ಹೋದ ವರ್ಷ ನಾನು ಲೋಳೆಸರ ರುಬ್ಬಿ, ಗುಲಾಬಿ ನೀರು ಹಾಕಿ ಬಾಟಲಿ ತುಂಬಿಸಿ ನಾಲ್ಕು ಜನಕ್ಕೆ ಹಂಚಿದ್ದೆ. ಆರನೇ ದಿನಕ್ಕೆ ಬೂಷ್ಟು. ನಾದಿನಿ ಬಾಟಲಿ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೇ ಹಾಕಿದ್ರು. ಇನ್ನೂ ಹಿಂದಿನದು ಬೇಕಾದ್ರೆ, ಕಾಲೇಜಲ್ಲಿ ಒಣಗಿದ ಮುಖಕ್ಕೆ ನಿಂಬೆಹುಳಿ-ಸಕ್ಕರೆ ತಿಕ್ಕಿ ಬಿಸಿಲಿಗೆ ಹೋಗಿ ಕೆನ್ನೆ ಮೇಲೆ ಕಪ್ಪು ಕಲೆ ಮಾಡ್ಕೊಂಡೋಳು ನಾನು. ಈಗ್ಲೂ ರೀಲ್ಸ್‌ನಲ್ಲಿ ಅದನ್ನೇ ತೋರಿಸ್ತಾ ಇದಾರೆ, ದಯವಿಟ್ಟು ಬೇಡ. ಮನೇಲಿ ಮಾಡಿದ್ದೆಲ್ಲ ಅಮೃತ ಅಂತ ನಾನು ಹೇಳ್ತಾ ಇಲ್ಲ.

ಆದ್ರೆ ಅಮ್ಮಮ್ಮನ ತುಪ್ಪ ಯಾಕೆ ಬೂಷ್ಟು ಹಿಡೀತಿರಲಿಲ್ಲ ಅಂದ್ರೆ ಅದರಲ್ಲಿ ನೀರೇ ಇರ್ತಿರಲಿಲ್ಲ! ಬರೀ ಕೊಬ್ಬು. ನೀರಿಲ್ಲ, ಪ್ರಿಸರ್ವೇಟಿವ್ ತಲೆನೋವಿಲ್ಲ. ನೀರು ಹಾಕಿ, ನೀರು ಕೆಡದ ಹಾಗೆ ಇನ್ನೊಂದು ಹಾಕಿ, ಎರಡಕ್ಕೂ ನನ್ನ ಹತ್ರ ದುಡ್ಡು ಇಸ್ಕೊಳ್ಳೋದು ಯಾವ ನ್ಯಾಯ? ನೀರು ನಮ್ಮನೆ ಬಚ್ಚಲಲ್ಲೇ ಇದೆಯಲ್ಲ.

ನಾನು ಮಾಡೋದು ಹೇಳ್ತೀನಿ. ಮುರುಗಲ ತುಪ್ಪ 20 ಗ್ರಾಂ, ಕೊಬ್ಬರಿ ಎಣ್ಣೆ 40 ಎಂಎಲ್, ಜೇನುಮೇಣ ಒಂದು ಅರ್ಧ ಚಮಚದಷ್ಟು. ಕುದಿಯೋ ನೀರಿನ ಪಾತ್ರೆ ಒಳಗೆ ಸ್ಟೀಲ್ ಬಟ್ಟಲಿಟ್ಟು ಕರಗಿಸಿ, ಒಣಗಿದ ಡಬ್ಬಿಗೆ ಹಾಕಿ ಆರೋಕೆ ಬಿಡಿ. ಒಣಗಿದ ಡಬ್ಬಿ ಅಂದ್ರೆ ಒಣಗಿದ್ದೇ, ಒದ್ದೆ ಬೆರಳೂ ಹಾಕ್ಬೇಡಿ. ಮುರುಗಲ ತುಪ್ಪ ಒಂದೇ ಆದ್ರೆ ಕಲ್ಲಿನ ಥರ ಗಟ್ಟಿ, ಸುಮಾರು 40 ಡಿಗ್ರಿ ಹತ್ರ ಹೋದ್ರೇನೇ ಕರಗೋದು, ಅದಕ್ಕೇ ಎಣ್ಣೆ ಸೇರಿಸೋದು. ತುಪ್ಪ ಊರಿಂದ ತರಿಸಿದ್ದು 100 ಗ್ರಾಂಗೆ 80 ರೂಪಾಯಿ ಬಿತ್ತು, ಎಣ್ಣೆ ರೇಟು ಈಗ ಕೇಳೋ ಹಾಗೇ ಇಲ್ಲ, ಆದ್ರೂ ಒಂದು ಡಬ್ಬಿಗೆ ಎಲ್ಲ ಸೇರಿ 40 ದಾಟಲ್ಲ. ಅದೂ ಅವರ ಡಬ್ಬಿಗಿಂತ ದೊಡ್ಡ ಡಬ್ಬಿ.

ಹಚ್ಚೋದು ಯಾವಾಗ ಅನ್ನೋದೇ ಮುಖ್ಯ. ಸ್ನಾನ ಆಗಿ ಟವೆಲಲ್ಲಿ ಹಗುರಕ್ಕೆ ಒತ್ತಿ, ಮೈ ಇನ್ನೂ ಪಸೆ ಇರೋವಾಗ್ಲೇ ಹಚ್ಚಬೇಕು, ಇದು ನೀರನ್ನ ಒಳಗೇ ತಡೆದು ಇಟ್ಕೊಳ್ಳತ್ತೆ. ಪೂರ್ತಿ ಒಣಗಿದ ಮೇಲೆ ಹಚ್ಚಿ ಏನೂ ಆಗ್ಲಿಲ್ಲ ಅಂತ ನನ್ನ ಬೈಬೇಡಿ. ಹಾಗೇ ಹೊಗೆ ಏಳೋ ಅಷ್ಟು ಬಿಸಿ ನೀರು ಸುರ್ಕೊಂಡು, ಎರಡು ಸಲ ಸೋಪು ತಿಕ್ಕೊಂಡು ಬಂದ್ರೂ ಅಷ್ಟೇ, ಇದ್ದ ಜಿಡ್ಡೆಲ್ಲ ಬಚ್ಚಲಿಗೆ. ಚರ್ಮ ಒಡೆದು ರಕ್ತ ಬರ್ತಿದ್ರೆ, ಕೆಂಪಾಗಿ ತುರಿಸ್ತಿದ್ರೆ ಡಾಕ್ಟ್ರ ಹತ್ರ ಹೋಗಿ, ನನ್ನ ಹತ್ರ ಬರ್ಬೇಡಿ. ಮೊಡವೆ ಮುಖದವರು ಕೊಬ್ಬರಿ ಎಣ್ಣೆ ಮುಖಕ್ಕೆ ಬಳ್ಕೋಬೇಡಿ, ಕೈಕಾಲಿಗೆ ಸಾಕು.

ಹ್ಞಾಂ, ಆ ಡಬ್ಬಿ ಏನಾಯ್ತು ಅಂತ ಮಗಳು ಹೇಳೋಕೆ ಮುಂಚೆ ನಾನೇ ಹೇಳಿಬಿಡ್ತೀನಿ. ತಗೊಂಡೆ. ಆ ಹುಡುಗಿ ಕೈಗೆ ಹಚ್ಚಿ, ಗಾಳಿ ಊದಿ, ಅಷ್ಟು ಹೊತ್ತು ನಿಂತು ಮಾತಾಡಿಸಿದ್ಲು, ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ. ಮನೆಗೆ ತಂದು ಟೇಬಲ್ ಮೇಲೆ ಇಟ್ಟಿದ್ದೆ, ನಮ್ಮನೆಯವರು ರೇಟು ನೋಡ್ದೇ ಬೆಳಗ್ಗೆ ಹಿಮ್ಮಡಿಗೆ ಬಳ್ಕೊಂಡು ಆಫೀಸಿಗೆ ಹೋಗಿದಾರೆ.

ಈ ವಾರ ಸಿರ್ಸಿ, ಕುಮಟಾ ಕಡೆಯಿಂದ ಬೆಂಗಳೂರಿಗೆ ಬರೋರಿದ್ರೆ ಮೆಸೇಜ್ ಮಾಡಿ, ಅರ್ಧ ಕೆಜಿ ತುಪ್ಪ ಬೇಕಿತ್ತು. ಬಟರ್ ಅಲ್ಲ, ತುಪ್ಪ.