ಸೀಟು ಉಚಿತ, ಬ್ಯಾಗು ಯಾರದು?

ಬೆಳಿಗ್ಗೆಯಿಂದ ಒಂದೇ ಪೋಸ್ಟರು ಮೂರು ಗುಂಪುಗಳಲ್ಲಿ ಬಂತು. ಬೇಸಿಗೆ ಶಿಬಿರ, ಏಳು ದಿನ, ಬಡ ಮಕ್ಕಳಿಗೆ 20 ಸೀಟು ಪೂರ್ತಿ ಉಚಿತ. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಖುಷಿಯಿಂದಲೇ ತೆರೆದೆ. ಎರಡನೇ ಪುಟದಲ್ಲಿ ‘ತರಬೇಕಾದ ವಸ್ತುಗಳು’ ಅಂತ ಪಟ್ಟಿ. ಎಣಿಸಿದೆ, 31 ಇತ್ತು. ಸ್ಲೀಪಿಂಗ್ ಬ್ಯಾಗು, ಟಾರ್ಚು, ಎರಡು ಜೊತೆ ಶೂ, ಈಜುಡುಗೆ, ರೇನ್‌ಕೋಟು, ಸನ್‌ಸ್ಕ್ರೀನು, ಸೋರದ ನೀರಿನ ಬಾಟಲಿ. ಅದರ ಕೆಳಗೆ ವೈದ್ಯರ ಪ್ರಮಾಣಪತ್ರ, ಆದಾಯದ ಪ್ರಮಾಣಪತ್ರ, ಆನ್‌ಲೈನ್ ಅರ್ಜಿ. ಕೊನೆಗೆ ‘ಪೋಷಕರೇ ಬೆಳಿಗ್ಗೆ 9ಕ್ಕೆ ಶಿಬಿರದ ಗೇಟಿಗೆ ತಂದು ಬಿಡತಕ್ಕದ್ದು’.

ಈ ಪಟ್ಟಿ ನೋಡಿದಾಗಿನಿಂದ ಸಿಟ್ಟು ಇಳಿದಿಲ್ಲ.

ಶುಲ್ಕ ಮನ್ನಾ ಮಾಡಿದ ಕೂಡಲೇ ಬಾಗಿಲು ತೆರೆದುಬಿಟ್ಟೆವು ಅಂದುಕೊಳ್ಳುತ್ತಾರೆ. ಸ್ಲೀಪಿಂಗ್ ಬ್ಯಾಗು ಕೊಳ್ಳೋ ಶಕ್ತಿ ಇದ್ದ ಮನೆಯವರು ನಿಮ್ಮ ಉಚಿತ ಸೀಟಿಗೆ ಯಾಕೆ ಬರುತ್ತಾರೆ? ಹೀಗೆ ಕರೆದಾಗ ಆಗೋದಿಷ್ಟೇ: ಅರ್ಜಿ ಬರುತ್ತೆ, ಆಯ್ಕೆಯೂ ಆಗುತ್ತೆ, ಹೊರಡೋ ದಿನ ಅರ್ಧ ಮಕ್ಕಳು ಬರೋದಿಲ್ಲ. ಆಮೇಲೆ ಸಂಘಟಕರ ಬಾಯಲ್ಲಿ ಒಂದು ಮಾತು ಸಿದ್ಧವಾಗಿರುತ್ತೆ, ‘ಪುಕ್ಕಟೆ ಕೊಟ್ಟರೂ ಅವರಿಗೆ ಬೇಡ’. ಈ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತೆ. ಮಗುವಿಗೆ ಬೇಕಿತ್ತು. ಹಿಂದಿನ ರಾತ್ರಿ ಆ ಪಟ್ಟಿ ಹಿಡ್ಕೊಂಡು ಕೂತ ತಾಯಿಗೂ ಬೇಕಿತ್ತು. ಈಜುಡುಗೆಗೊಂದು ಅಂಗಿ, ಸ್ಲೀಪಿಂಗ್ ಬ್ಯಾಗಿಗೊಂದು ಹಳೇ ಹೊದಿಕೆ ಅಂತ ಹೊಂದಿಸಿಕೊಂಡು ಹೋಗಿ, ಕೊನೆಗೆ ಎಲ್ಲರೆದುರು ನನ್ನ ಮಗು ಬೇರೆಯಾಗಿ ಕಾಣುತ್ತೆ ಅನ್ನಿಸಿದಾಗ ಅವಳು ಕಳಿಸೋದಿಲ್ಲ. ಅದು ಅಸಡ್ಡೆ ಅಲ್ಲ, ಮಾನದ ಪ್ರಶ್ನೆ.

150 ವರ್ಷದ ಹಿಂದೆ ಇದನ್ನು ಬಲ್ಲವರಿದ್ದರು. ವಾಲ್ಟರ್ ಬಿಯೋನ್ ಎಂಬ ಪಾದ್ರಿ 1876ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ 68 ಬಡ ಮಕ್ಕಳನ್ನು ಅಪೆಂಜೆಲ್ ಬೆಟ್ಟದ ಸೀಮೆಗೆ ರಜೆಗೆ ಕಳಿಸಿದ. ಜೊತೆಗೆ ಶಿಕ್ಷಕರನ್ನೂ ಕಳಿಸಿದ. ಮರುವರ್ಷ, 1877ರಲ್ಲಿ, ನ್ಯೂಯಾರ್ಕಿನ ಮಕ್ಕಳನ್ನು ಹಳ್ಳಿಗಳಿಗೆ ಕರೆದೊಯ್ಯುವ ಫ್ರೆಶ್ ಏರ್ ಫಂಡ್ ಶುರುವಾಯಿತು. ಮಗುವನ್ನು ಅದರ ಊರಿಂದಲೇ ಕರೆದೊಯ್ದು ವಾಪಸ್ ತಲುಪಿಸೋದು ಕರೆದವರ ಕೆಲಸ ಅಂತ ಅವತ್ತೇ ಗೊತ್ತಿತ್ತು. ನಾವಿನ್ನೂ ‘ಗೇಟಿಗೆ ತಂದು ಬಿಡತಕ್ಕದ್ದು’ ಅಂತ ಬರೀತಿದ್ದೀವಿ.

ಸರಿ, ಹೇಗೆ ಮಾಡಬೇಕು? ಮೊದಲು ಲೆಕ್ಕ ಸರಿಯಾಗಲಿ. ಕೈಯಲ್ಲಿರೋ ಹಣಕ್ಕೆ 20 ಸೀಟಿನ ಶುಲ್ಕ ಮಾತ್ರ ಮನ್ನಾ ಆಗೋದಾದರೆ 12 ಮಕ್ಕಳನ್ನು ಮಾತ್ರ ಕರೆಯಿರಿ. ಉಳಿದ 8 ಸೀಟಿನ ಹಣ ಬಸ್ಸಿಗೆ, ಬ್ಯಾಗಿಗೆ, ಶೂಗೆ, ಆರೋಗ್ಯ ತಪಾಸಣೆಗೆ ಹೋಗಲಿ. ಪೋಸ್ಟರಿನಲ್ಲಿ 20 ಅನ್ನೋ ಸಂಖ್ಯೆ ಚೆನ್ನಾಗಿ ಕಾಣುತ್ತೆ, ಒಪ್ಪುತ್ತೀನಿ. ಆದರೆ 12 ಮಕ್ಕಳು ನಿಜವಾಗಿ ಬಂದು, ಏಳು ದಿನ ಇದ್ದು, ನಗುತ್ತಾ ಹೋಗೋದು ಅದಕ್ಕಿಂತ ದೊಡ್ಡದು.

ಅರ್ಜಿ ಒಂದೇ ಪುಟ ಇರಲಿ, ಮನೆಮಾತಿನಲ್ಲಿರಲಿ. ಅದನ್ನೂ ಪೋಷಕರೇ ಬರೆಯಬೇಕಾಗಿಲ್ಲ. ಒಬ್ಬರು ಫೋನ್ ಮಾಡಿ ಹತ್ತು ನಿಮಿಷದಲ್ಲಿ ಕೇಳಿ ತುಂಬಿಕೊಳ್ಳಬಹುದು, ಸಹಿಯನ್ನು ಶಾಲೆಯಲ್ಲಿ ಹಾಕಿಸಿಕೊಂಡರಾಯಿತು. ಆದಾಯದ ಪ್ರಮಾಣಪತ್ರ ಕೇಳಲೇಬೇಡಿ. ಅದಕ್ಕೆ ಕಚೇರಿ ಅಲೆದರೆ ಒಂದು ದಿನದ ಕೂಲಿ ಹೋಗುತ್ತೆ. ಆ ಮಗು ಈಗಾಗಲೇ ಶಾಲೆಯಲ್ಲಿ ಯಾವುದಾದರೂ ನೆರವು ಪಡೀತಿದ್ದರೆ ಅಷ್ಟೇ ಸಾಕು. ವೈದ್ಯರ ತಪಾಸಣೆಯನ್ನು ಶಿಬಿರಕ್ಕೆ ಆರು ವಾರ ಮೊದಲು ಶಾಲೆಯಲ್ಲೇ ಒಂದು ಬೆಳಿಗ್ಗೆ ಇಟ್ಟುಕೊಂಡರೆ ಎಲ್ಲರದ್ದೂ ಒಟ್ಟಿಗೆ ಮುಗಿಯುತ್ತೆ. ಆರು ವಾರ ಯಾಕೆ ಅಂದರೆ, ಬಿಟ್ಟುಹೋದ ಲಸಿಕೆ, ಕಿವಿ ಸೋರೋದು, ಉಬ್ಬಸ ಇವೆಲ್ಲ ಗೊತ್ತಾದ ಮೇಲೆ ಸರಿಮಾಡೋಕೆ ಸಮಯ ಬೇಕು. ಹಿಂದಿನ ದಿನ ಗೊತ್ತಾದರೆ ಆ ಮಗುವನ್ನು ಬಿಟ್ಟು ಹೋಗಬೇಕಾಗುತ್ತೆ, ಅಷ್ಟೇ.

ಆಯ್ಕೆಯ ಬಗ್ಗೆ ಒಂದು ಮಾತು. ಶಿಕ್ಷಕರನ್ನು ಕೇಳಿದರೆ ಸಾಮಾನ್ಯವಾಗಿ ‘ಒಳ್ಳೆ ಮಗು’ವಿನ ಹೆಸರೇ ಬರುತ್ತೆ, ಬುದ್ಧಿವಂತ, ಹೇಳಿದ ಮಾತು ಕೇಳುವ ಮಗು. ಕೊನೇ ಬೆಂಚಿನಲ್ಲಿ ಬಾಯಿ ಬಿಡದೆ ಕೂರೋ ಹುಡುಗಿ, ದಿನಾ ಬೈಸಿಕೊಳ್ಳೋ ಹುಡುಗ ಯಾವ ಪಟ್ಟಿಯಲ್ಲೂ ಇರೋದಿಲ್ಲ. ಶಿಬಿರ ಬಹುಮಾನ ಅಲ್ಲ. ಒಂದು ತರಗತಿಯಲ್ಲಿ ಚೀಟಿ ಎತ್ತಿ, ಸಾಕು.

ಈಗ ಬ್ಯಾಗು. ‘ತರಬೇಕಾದ ವಸ್ತುಗಳು’ ಅನ್ನೋ ಪುಟವನ್ನೇ ಹರಿದು ಹಾಕಿ. ಶುಲ್ಕ ಕಟ್ಟಿದ ಮಗುವಿಗೂ ಕಟ್ಟದ ಮಗುವಿಗೂ ಒಂದೇ ಬಣ್ಣದ, ಒಂದೇ ಥರದ ಬ್ಯಾಗು ಮೊದಲ ದಿನ ಅವರವರ ಮಂಚದ ಮೇಲೆ ಇರಲಿ. ಏಳು ದಿನಕ್ಕೆ ನಾಲ್ಕು ಟೀಶರ್ಟು, ಮೂರು ಪ್ಯಾಂಟು, ಎಂಟು ಒಳಉಡುಪು, ನಾಲ್ಕು ಜೊತೆ ಕಾಲುಚೀಲ, ಎರಡು ಟವೆಲು, ಒಂದು ಸ್ವೆಟರು, ಟೋಪಿ, ಚಪ್ಪಲಿ, ಟಾರ್ಚು, ಅದಕ್ಕೆ ಇನ್ನೊಂದು ಜೊತೆ ಸೆಲ್ಲು, ಬಾಟಲಿ, ಸೋಪಿನ ಡಬ್ಬಿ, ಹಲ್ಲುಜ್ಜೋ ಬ್ರಶ್ಶು. ನಾಲ್ಕನೇ ದಿನ ಬಟ್ಟೆ ಒಗೆಸಲೇಬೇಕು, ಇಲ್ಲದಿದ್ದರೆ ಈ ಲೆಕ್ಕ ನಿಲ್ಲೋದಿಲ್ಲ. ಒಂಬತ್ತು ವರ್ಷ ದಾಟಿದ ಎಲ್ಲ ಹುಡುಗಿಯರ ಬ್ಯಾಗಿನಲ್ಲೂ ಕೇಳದೆಯೇ ಒಂದು ಪ್ಯಾಕೆಟ್ ಪ್ಯಾಡು ಇರಲಿ. ಬೇಕಾದವರು ಬಂದು ಕೇಳಲಿ ಅಂದರೆ ಯಾರೂ ಕೇಳೋದಿಲ್ಲ.

ದಾನದ ಬಟ್ಟೆ ಬಳಸೋದಾದರೆ ದಯವಿಟ್ಟು ಕೊರಳಪಟ್ಟಿ ತಿರುಗಿಸಿ ನೋಡಿ. ಒಳಗೆ ಇನ್ನೊಂದು ಮಗುವಿನ ಹೆಸರು ಹೊಲಿದಿರುತ್ತೆ, ಮೇಲೆ ಪೆನ್ನಿನಿಂದ ಗೀಚಿರುತ್ತೆ. ಗೀಚಿದರೂ ಅಕ್ಷರ ಕಾಣುತ್ತೆ. ಎಂಟು ವರ್ಷದ ಮಗು ಓದೋಕೆ ಕಲಿತಿರುತ್ತೆ, ಮೊದಲು ಓದೋದು ಅದನ್ನೇ. ಆ ಪಟ್ಟಿಯನ್ನು ಕತ್ತರಿಸಿ ತೆಗೆಯೋಕೆ ಅರ್ಧ ನಿಮಿಷ ಸಾಕು.

ಶೂ ಮಾತ್ರ ಮೊದಲ ದಿನ ಕೊಡಬೇಡಿ. ಹೊಸ ಶೂ ಹಾಕಿ ನೇರ ಚಾರಣಕ್ಕೆ ಕರೆದೊಯ್ದರೆ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತೆ. ಕೊಟ್ಟವರಿಗೆ ಬೇಜಾರಾಗಬಾರದು ಅಂತ ಮಗು ಹೇಳೋದೂ ಇಲ್ಲ, ಕುಂಟಿಕೊಂಡೇ ನಡೆಯುತ್ತೆ. ಮೂರನೇ ದಿನ ಬೊಬ್ಬೆ ಒಡೆದು ಕೀವಾದ ಮೇಲೆ ಗೊತ್ತಾಗುತ್ತೆ. ಅಳತೆಯನ್ನು ನಂಬರು ಕೇಳಿ ತೆಗೆಯಬೇಡಿ, ಎಷ್ಟೋ ಮಕ್ಕಳಿಗೆ ತಮ್ಮ ನಂಬರು ಗೊತ್ತಿರೋದಿಲ್ಲ, ಮನೆಯಲ್ಲಿ ಅಣ್ಣನ ಶೂ ಹಾಕಿರುತ್ತಾರೆ. ಕಾಲುಚೀಲ ಹಾಕಿಸಿ, ಸಂಜೆ ಹೊತ್ತು, ಹಾಳೆಯ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಗೆರೆ ಎಳೆಯಿರಿ. ದೊಡ್ಡದಾಗಿರೋ ಪಾದವನ್ನು ಹಿಡಿದು ಮುಂದೆ ಒಂದು ಸೆಂಟಿಮೀಟರ್ ಜಾಗ ಸೇರಿಸಿ. ಎರಡು ವಾರ ಮೊದಲೇ ಶೂ ಕೈಗೆ ಕೊಟ್ಟು ದಿನಾ ಒಂದು ಗಂಟೆ ಹಾಕ್ಕೊಂಡು ಓಡಾಡು ಅನ್ನಿ.

ಬಸ್ಸು ಶಾಲೆಯ ಗೇಟಿನಿಂದ ಹೊರಡಲಿ. ಕೂಲಿಗೆ ಹೋಗೋರಿಗೆ 9 ಗಂಟೆ ಅಂದರೆ ಕೆಲಸದ ಹೊತ್ತು, 6:30ಕ್ಕೆ ಇಡಿ. ಎರಡು ವಾರ ಮೊದಲು ಒಮ್ಮೆ, ಮೂರು ದಿನ ಮೊದಲು ಒಮ್ಮೆ, ಹಿಂದಿನ ಸಂಜೆ ಒಮ್ಮೆ ಫೋನ್ ಮಾಡಿ. ಸಂದೇಶ ಕಳಿಸಿ ಸುಮ್ಮನಾದರೆ ಆಗೋದಿಲ್ಲ, ಫೋನು ಯಾರ ಕೈಯಲ್ಲಿರುತ್ತೋ ಏನೋ. ಬಾರದ ಮಗುವಿನ ಮನೆಗೆ ಒಬ್ಬರು ಹೋಗಿ ನೋಡಿ ಬರೋವರೆಗೆ ಬಸ್ಸು 20 ನಿಮಿಷ ಕಾಯಲಿ. ಬಹಳ ಸಲ ಕಾರಣ ತೀರಾ ಸಣ್ಣದಿರುತ್ತೆ. ಅಮ್ಮ ಕೆಲಸಕ್ಕೆ ಹೋಗಿದ್ದಾಳೆ, ಪುಟ್ಟ ತಮ್ಮನನ್ನು ಯಾರು ನೋಡಿಕೊಳ್ಳಬೇಕು? ಹತ್ತು ವರ್ಷದ ಅಕ್ಕನೇ ಆ ಮನೆಯ ಎರಡನೇ ತಾಯಿ. ಅವಳನ್ನು ಕರೆಯೋದಾದರೆ ತಮ್ಮನಿಗೂ ಜಾಗ ಮಾಡಬೇಕು. ಮಾಡೋಕಾಗದಿದ್ದರೆ ಅವಳಿಗೆ ಹಗಲು ಶಿಬಿರ ಮಾಡಿ, ಪುಟ್ಟವರಿಗೆ ಪಕ್ಕದಲ್ಲೇ ಒಂದು ಕೋಣೆ, ಇಬ್ಬರು ನೋಡಿಕೊಳ್ಳೋರು.

ಗುಂಪು ಹೇಗೆ ಮಾಡ್ತೀರಿ ಅನ್ನೋದು ಇನ್ನೂ ಮುಖ್ಯ. 20 ಮಕ್ಕಳ ನಡುವೆ ಒಂದೇ ಒಂದು ಉಚಿತ ಸೀಟಿನ ಮಗುವನ್ನು ಇಡೋದು ನನ್ನ ಪ್ರಕಾರ ತಪ್ಪು. ಎಲ್ಲರೂ ಹೋದ ವರ್ಷದ ಪ್ರವಾಸದ ಮಾತಾಡುವಾಗ ಆ ಮಗು ಮಾತಿಲ್ಲದೆ ಕೂರುತ್ತೆ. ಒಂದೇ ಬೀದಿಯ ಮೂರು-ನಾಲ್ಕು ಮಕ್ಕಳು ಒಂದು ಕೋಣೆಯಲ್ಲಿರಲಿ, ಇಡೀ ಶಿಬಿರದಲ್ಲಿ ಮೂರನೇ ಒಂದು ಭಾಗವಾದರೂ ಉಚಿತ ಸೀಟಿನ ಮಕ್ಕಳಿರಲಿ. ಯಾರ ಶುಲ್ಕ ಯಾರು ಕಟ್ಟಿದರು ಅನ್ನೋದು ಕಚೇರಿಯ ಒಬ್ಬರಿಗೆ ಮಾತ್ರ ಗೊತ್ತಿರಬೇಕು. ಶಿಬಿರದ ಅಕ್ಕ-ಅಣ್ಣಂದಿರಿಗೂ ಗೊತ್ತಾಗಬಾರದು. ಗೊತ್ತಾದರೆ ಅವರು ಕರುಣೆಯಿಂದ ಮಾತಾಡಿಸೋಕೆ ಶುರುಮಾಡುತ್ತಾರೆ, ಅದನ್ನು ಮಕ್ಕಳು ಅರ್ಧ ದಿನದಲ್ಲಿ ಹಿಡಿಯುತ್ತಾರೆ. ಕೈಖರ್ಚಿನ ಹಣ, ಶಿಬಿರದೊಳಗಿನ ತಿಂಡಿ ಅಂಗಡಿ ಎರಡನ್ನೂ ತೆಗೆದುಬಿಡಿ. ಪೋಷಕರು ಬಂದು ನೋಡೋ ದಿನವನ್ನೂ ತೆಗೆಯಿರಿ, ಇಲ್ಲವೇ ಅವರನ್ನು ಕರೆತರೋಕೂ ಬಸ್ಸು ಮಾಡಿ. ಎಲ್ಲರ ಅಪ್ಪ-ಅಮ್ಮ ಬಂದು ತನ್ನವರು ಬಾರದ ಮಧ್ಯಾಹ್ನ ಮಗುವಿಗೆ ಬಹಳ ಉದ್ದ.

ರಾತ್ರಿಯ ವಿಷಯ ಯಾರೂ ಬರೆಯೋದಿಲ್ಲ. ಏಳು ವರ್ಷದ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಕ್ಕಳು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ, ಶ್ರೀಮಂತ-ಬಡವ ಅಂತಿಲ್ಲ. ಮೂರು ಚಡ್ಡಿ ಇರೋ ಮಗು ಬದಲಿಸಿ ಮುಚ್ಚಿಡುತ್ತೆ. ಒಂದೇ ಇರೋ ಮಗು ಎಲ್ಲಿ ಮುಚ್ಚಿಡಬೇಕು? ಎಲ್ಲ ಹಾಸಿಗೆಗೂ ಕೆಳಗೆ ಪ್ಲಾಸ್ಟಿಕ್ ಹಾಸು, ಮಂಚಕ್ಕೆ ಎರಡರಂತೆ ಒಂದೇ ಬಣ್ಣದ ಹೊದಿಕೆ. ಮಲಗೋ ಮುಂಚೆ ಎಲ್ಲರನ್ನೂ ಶೌಚಾಲಯಕ್ಕೆ ಕಳಿಸಬೇಕು, 11ಕ್ಕೆ ಮತ್ತೊಮ್ಮೆ ಮೆಲ್ಲಗೆ ಎಬ್ಬಿಸಬೇಕು. ಬೆಳಿಗ್ಗೆ ಎಲ್ಲರೂ ಹಲ್ಲುಜ್ಜೋಕೆ ಹೋದಾಗ ಒಬ್ಬರು ಸದ್ದಿಲ್ಲದೆ ಹೊದಿಕೆ ಬದಲಿಸಬೇಕು. ಆ ಮಗುವಿನ ಹತ್ತಿರ ಅದರ ಬಗ್ಗೆ ಒಂದು ಮಾತೂ ಬೇಡ.

ದಿಂಬಿನ ಕೆಳಗೆ ಬಿಸ್ಕತ್ತು, ಹಣ್ಣು ಬಚ್ಚಿಡೋದೂ ಅಷ್ಟೇ. ಇರುವೆ ಬರುತ್ತೆ ಅಂತ ಗದರಿದರೆ ಇನ್ನೂ ಒಳಗೆ ಬಚ್ಚಿಡುತ್ತೆ. ಅದು ಕಳ್ಳತನ ಅಲ್ಲ, ನಾಳೆ ಸಿಗುತ್ತೋ ಇಲ್ಲವೋ ಅನ್ನೋ ಲೆಕ್ಕ. ಮುಚ್ಚಳವಿರೋ ಒಂದೊಂದು ಡಬ್ಬಿ ಎಲ್ಲರಿಗೂ ಕೊಡಿ, ಹಣ್ಣಿನ ಬುಟ್ಟಿಯನ್ನು ಇಡೀ ದಿನ ತೆರೆದಿಡಿ. ಸಿಕ್ಕೇ ಸಿಗುತ್ತೆ ಅಂತ ಖಾತ್ರಿಯಾದ ಮೇಲೆ ಬಹುತೇಕ ಮಕ್ಕಳು ತಾವಾಗಿ ನಿಲ್ಲಿಸುತ್ತಾರೆ. ತಲೆಯಲ್ಲಿ ಹೇನು ಕಂಡರೆ ಮನೆಗೆ ಕಳಿಸೋ ಪದ್ಧತಿ ಇನ್ನೂ ಇದೆ. ಯಾಕೆ? ಮೊದಲ ಸಂಜೆ ಎಲ್ಲರ ತಲೆಯನ್ನೂ ಒಬ್ಬೊಬ್ಬರದಾಗಿ ಬಾಗಿಲು ಮುಚ್ಚಿ ನೋಡಿ, ಔಷಧಿ ಹಚ್ಚಿ, ಸೀರಣಿಗೆಯಲ್ಲಿ ಬಾಚಿದರೆ ಮುಗೀತು.

ನೀರಿನ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಬೇಡ. ‘ಈಜು ಬರುತ್ತಾ?’ ಅಂತ ಗುಂಪಿನಲ್ಲಿ ಕೇಳಿದರೆ ಎಲ್ಲರೂ ‘ಬರುತ್ತೆ’ ಅನ್ನುತ್ತಾರೆ, ಬಾರದವರು ಇನ್ನೂ ಜೋರಾಗಿ. ಆದ್ದರಿಂದ ಕೇಳಬೇಡಿ, ಪರೀಕ್ಷೆ ಮಾಡಿ, ಎಲ್ಲರನ್ನೂ. ಸೊಂಟದ ಮಟ್ಟದ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರು ದೊಡ್ಡವರು ನಿಂತು, ತಲೆ ಮುಳುಗಿಸಿ ಏಳೋದು, ಸ್ವಲ್ಪ ದೂರ ಈಜೋದು, ಬೆನ್ನ ಮೇಲೆ ಒಂದು ನಿಮಿಷ ತೇಲೋದು. ಪರೀಕ್ಷೆ ಆಗೋವರೆಗೆ ಎಲ್ಲರೂ ಈಜು ಬಾರದವರೇ. ಇಬ್ಬಿಬ್ಬರ ಜೋಡಿ ಮಾಡಿ ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಕೈ ಎತ್ತಿಸಿ ಎಣಿಸಿ. ಅಂಗಿ ಹಾಕಿಕೊಂಡೇ ನೀರಿಗಿಳಿಯೋಕೆ ಬಿಡಬೇಡಿ, ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತೆ. ಬೇರೆ ಬೇರೆ ಅಳತೆಯ ಈಜುಡುಗೆ ಶಿಬಿರದಲ್ಲೇ ಇರಲಿ. ರಾತ್ರಿ ಉಳಿಯೋ ಶಿಬಿರದಲ್ಲಿ 6ರಿಂದ 8 ವರ್ಷದ ಆರು ಮಕ್ಕಳಿಗೆ ನೋಡಿಕೊಳ್ಳೋರು ಒಬ್ಬರು, 9ರಿಂದ 14ರ ಎಂಟು ಮಕ್ಕಳಿಗೆ ಒಬ್ಬರು ಅನ್ನೋದು ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಇಟ್ಟುಕೊಂಡಿರೋ ಲೆಕ್ಕ. ಉಚಿತ ಸೀಟು ಹೆಚ್ಚಿಸೋ ಉತ್ಸಾಹದಲ್ಲಿ ಮೊದಲು ಕತ್ತರಿ ಬೀಳೋದು ಇದಕ್ಕೇ. ಬೀಳಬಾರದು.

‘ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರೋದಿಲ್ಲ, ಸ್ವಲ್ಪವಾದರೂ ದುಡ್ಡು ತಗೊಳ್ಳಿ’ ಅನ್ನೋರು ಕೆಳಗೆ ಬಂದೇ ಬರುತ್ತಾರೆ, ಹಾಗಾಗಿ ಇಲ್ಲೇ ಹೇಳಿಬಿಡ್ತೀನಿ. ಶುಲ್ಕ ಕಟ್ಟಿದ ಮನೆಯ ಮಗುವಿಗೂ ಶಿಬಿರ ಬಿಟ್ಟಿಯೇ. ದುಡ್ಡು ಕಟ್ಟಿದ್ದು ಅಪ್ಪ. ಆ ಮಗುವಿಗೆ ಬೆಲೆ ಗೊತ್ತಾ ಅಂತ ಯಾರೂ ಕೇಳಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು, ಆಟ ಇವನ್ನು ಮಗುವಿನ ಹಕ್ಕು ಅಂತಲೇ ಕರೆಯುತ್ತೆ. ‘ಒಂದು ವಾರದಲ್ಲಿ ಏನು ಬದಲಾಗುತ್ತೆ’ ಅನ್ನೋ ಮಾತಿನಲ್ಲಿ ಅರ್ಧ ಸತ್ಯ ಇದೆ. ಅದಕ್ಕೇ ಪ್ರತಿವರ್ಷ ಹೊಸ 12 ಮಕ್ಕಳನ್ನು ಹುಡುಕೋ ಬದಲು ಅವೇ ಮಕ್ಕಳಿಗೆ ಮೂರು ವರ್ಷ ಸೀಟು ಕಾದಿರಿಸಿ. ಎರಡನೇ ವರ್ಷ ಬಸ್ಸಿಳಿದು ‘ಆ ಮರ ಇನ್ನೂ ಇದೆಯಾ’ ಅಂತ ಓಡೋ ಮಗುವಿಗೆ ಆ ಜಾಗ ತನ್ನದಾಗಿರುತ್ತೆ.

ಫೋಟೋ ಬೇಡ. ದಾನಿಯ ಬ್ಯಾನರಿನ ಮುಂದೆ ಸಾಲಾಗಿ ನಿಲ್ಲಿಸೋದಂತೂ ಬೇಡವೇ ಬೇಡ. ದಾನಿಗಳಿಗೆ ಲೆಕ್ಕಪತ್ರ ಕಳಿಸಿ, ಎಷ್ಟು ಮಕ್ಕಳು ಬಂದರು, ಎಷ್ಟು ಮಕ್ಕಳು ಕೊನೆಯವರೆಗೆ ಉಳಿದರು, ಎಷ್ಟು ಮಕ್ಕಳು ಮರುವರ್ಷ ಬಂದರು ಅಂತ. ಮತ್ತೆ, ಆ ಬ್ಯಾಗನ್ನು ಕೊನೇ ದಿನ ವಾಪಸ್ ಕೇಳಬೇಡಿ. ಟಾರ್ಚನ್ನೂ.

ಪೋಸ್ಟರು ಹಾಕಿದವರಿಗೆ ಈಗಲೇ ಫೋನ್ ಮಾಡ್ತಿದ್ದೀನಿ. ಅವರ ಶಿಬಿರಕ್ಕೆ ಇನ್ನೂ ಏಳು ವಾರ ಇದೆ. ಹಾಳೆ, ಪೆನ್ಸಿಲು ಹಿಡ್ಕೊಂಡು ಈ ವಾರವೇ ಶಾಲೆಗೆ ಹೋದರೆ ಪಾದದ ಅಳತೆ ತೆಗೆಯೋಕೆ ಒಂದು ಸಂಜೆ ಸಾಕು. ಜೊತೆಗೆ ಬರೋರು ಕೆಳಗೆ ಹೆಸರು ಬರೆಯಿರಿ, ಇಬ್ಬರು ಬೇಕು.