ನಡುವೋ, ಮಧ್ಯವೋ? ಪಾಠಪುಸ್ತಕದ ಮಾತಿಗೆ ಒಂದು ಪರ-ವಿರೋಧ

ಪ್ರಶ್ನೆ: ಶಾಲೆಯ ಗಣಿತ, ಭೂಗೋಳ, ವಿಜ್ಞಾನದ ಪುಸ್ತಕಗಳಲ್ಲಿ ‘ಮಧ್ಯ’, ‘ಕೇಂದ್ರ’ಗಳಿಂದ ಕಟ್ಟಿದ ಪದಗಳ ಜಾಗಕ್ಕೆ ‘ನಡು’ವಿನಿಂದ ಕಟ್ಟಿದ ಪದಗಳು ಬರಬೇಕೇ?

ಪರ: ಇರುವ ಪದವನ್ನು ಬಳಸೋಣ

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕನ್ನಡದ ಎಲ್ಲೆ ಹೇಳಿ ಸುಮ್ಮನಾಗುವುದಿಲ್ಲ. ಆ ಎಲ್ಲೆಯ ಒಳಗೆ ಅಚ್ಚ ಕನ್ನಡ ಎಲ್ಲಿದೆ ಎಂದೂ ತೋರಿಸುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ‘ನಡುವಣ ನಾಡೆ ನಾಡೆ ಕನ್ನಡದ ತಿರುಳ್’. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳ ಸೀಮೆ ಅದು. ಸಂಸ್ಕೃತದ ಅಲಂಕಾರಶಾಸ್ತ್ರವನ್ನು ಅರೆದು ಕುಡಿದಿದ್ದ ಕವಿಗೆ ‘ಮಧ್ಯ’ ಗೊತ್ತಿರಲಿಲ್ಲವೆಂದಲ್ಲ. ಆದರೂ ತನ್ನ ನುಡಿಯ ಒಡಲನ್ನು ತೋರಿಸುವಾಗ ಅವನ ಬಾಯಿಗೆ ಬಂದದ್ದು ‘ನಡು’ ಮತ್ತು ‘ತಿರುಳು’.

‘ನಡು’ ದ್ರಾವಿಡ ಕುಲದ ಹಳೆಯ ಮಾತು. ತಮಿಳು, ಮಲಯಾಳ, ತುಳುಗಳಲ್ಲೂ ಅದೇ ‘ನಡು’, ತೆಲುಗಿನಲ್ಲಿ ‘ನಡುಮ’. ಕನ್ನಡದಲ್ಲಂತೂ ಅದು ಇಂದಿಗೂ ಚಿಗುರುವ ಬೇರು: ನಡುಮನೆ, ನಡುಬೀದಿ, ನಡುಬೆರಳು, ನಡುಹಗಲು, ನಟ್ಟಿರುಳು. ಕೈಕೊಟ್ಟವನನ್ನು ‘ನಡುನೀರಲ್ಲಿ ಕೈಬಿಟ್ಟ’ ಎನ್ನುತ್ತೇವೆ. ಕೃಷ್ಣೆಗೆ ನೆರೆ ಬಂದು ರಾಯಚೂರು ಜಿಲ್ಲೆಯ ಊರುಗಳಿಗೆ ದಾರಿ ತಪ್ಪಿದಾಗ ಪತ್ರಿಕೆಗಳು ಬರೆಯುವುದು ‘ನಡುಗಡ್ಡೆ’ ಎಂದು. ‘ದ್ವೀಪ’ ಎಂಬ ಪದ ಇದ್ದೂ ‘ನಡುಗಡ್ಡೆ’ ಉಳಿದಿದೆ. ನಮ್ಮ ಸಾಹಿತ್ಯ ಚರಿತ್ರೆಕಾರರು ಹಳಗನ್ನಡಕ್ಕೂ ಹೊಸಗನ್ನಡಕ್ಕೂ ನಡುವಿನ ಕಾಲದ ನುಡಿಗೆ ‘ನಡುಗನ್ನಡ’ ಎಂಬ ಹೆಸರು ಕೊಟ್ಟರು. ಶಾಸ್ತ್ರಕ್ಕೆ ಈ ಪದ ಒಗ್ಗುವುದಿಲ್ಲ ಎನ್ನುವವರು ಈ ಹೆಸರನ್ನು ನೋಡಬೇಕು. ಶಾಸ್ತ್ರವೇ ಅದನ್ನು ಒಪ್ಪಿಕೊಂಡು ಎಷ್ಟೋ ಕಾಲವಾಯಿತು.

ಇನ್ನು ‘ನಟ್ಟನಡು’. ಕಡೆ ಕಟ್ಟಕಡೆಯಾಗುವಂತೆ, ತುದಿ ತುತ್ತತುದಿಯಾಗುವಂತೆ, ನಡು ನಟ್ಟನಡುವಾಗುತ್ತದೆ. ಸುಮಾರಾಗಿ ಮಧ್ಯದಲ್ಲಿರುವುದಕ್ಕೂ ಕರಾರುವಾಕ್ಕಾಗಿ ಮಧ್ಯದಲ್ಲಿರುವುದಕ್ಕೂ ಇರುವ ಅಂತರವನ್ನು ಒಂದೇ ಪದದ ದ್ವಿರುಕ್ತಿಯಲ್ಲಿ ಹೇಳುವ ಈ ಸೌಲಭ್ಯ ‘ಮಧ್ಯ’ಕ್ಕೆ ಇಲ್ಲ. ‘ಎಡೆ’ಯನ್ನೂ ಮರೆಯಬಾರದು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನೆಲಕ್ಕೆ ನಮ್ಮ ಹಿರಿಯರು ‘ಎಡೆದೊರೆ ನಾಡು’ ಎಂದರು, ತೊರೆಗಳ ಎಡೆಯ ನಾಡು ಎಂದು. ಗ್ರೀಕರು ಟೈಗ್ರಿಸ್-ಯೂಫ್ರೆಟಿಸ್ ನಡುವಿನ ನೆಲಕ್ಕೆ ಇಟ್ಟ ‘ಮೆಸೊಪೊಟೇಮಿಯ’ ಎಂಬ ಹೆಸರಿನ ಅರ್ಥವೂ ಇದೇ. ಅವರ ಹೆಸರನ್ನು ಕನ್ನಡದ ಮಕ್ಕಳು ಚರಿತ್ರೆಯ ಪಾಠದಲ್ಲಿ ಬಾಯಿಪಾಠ ಮಾಡುತ್ತಾರೆ, ನಮ್ಮದು ಶಾಸನ ಓದುವವರ ಬಳಿ ಉಳಿದುಹೋಗಿದೆ. ಇದು ನನಗೆ ನಿಜಕ್ಕೂ ನೋವು ತರುವ ಸಂಗತಿ.

‘ನಡು ಎಂದರೆ ಸೊಂಟ, ಉತ್ತರ ಕರ್ನಾಟಕದಲ್ಲಿ ಮಕ್ಕಳು ನಗುತ್ತಾರೆ’ ಎಂಬ ಆಕ್ಷೇಪ ಬರುತ್ತದೆ. ಸಂಸ್ಕೃತದ ‘ಮಧ್ಯ’ಕ್ಕೂ ಸೊಂಟವೆಂಬ ಅರ್ಥವಿದೆ. ರಾಮಾಯಣದ ಸೀತೆ ‘ಸುಮಧ್ಯಮೆ’. ತಮಿಳಿನ ‘ಇಡೈ’ಗೂ ಎರಡೂ ಅರ್ಥ. ಮೈಯ ನಡುವಿನಿಂದ ಲೋಕದ ನಡುವನ್ನು ಅಳೆಯುವುದು ಹಲವು ನುಡಿಗಳು ಹಿಡಿದ ದಾರಿ. ‘ಮಧ್ಯಬಿಂದು’ ಎಂದಾಗ ನಗದ ಮಗು ‘ನಡುಚುಕ್ಕೆ’ಗೂ ನಗುವುದಿಲ್ಲ.

ಬರವಣಿಗೆಯ ತೊಡಕು ಬೇರೆ. ಮಹಾಪ್ರಾಣ ಬಹುಮಂದಿಯ ಉಚ್ಚಾರದಲ್ಲಿಲ್ಲ. ಹಾಗಾಗಿ ‘ಮಧ್ಯ’ ಬರೆಯಲು ಹೋಗಿ ‘ಮದ್ಯ’ ಬರೆಯುತ್ತಾರೆ, ಅರ್ಥ ಹೆಂಡಕ್ಕೆ ತಿರುಗುತ್ತದೆ. ಎಲ್ಲರ ಉಚ್ಚಾರಕ್ಕೆ ಹೊಂದುವ ಬರಹ ಬೇಕೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದರ ಹಿಂದೆ ಇಂಥ ಮಕ್ಕಳ ಪಾಡಿದೆ. ‘ನಡು’ ಬರೆಯುವಾಗ ಯಾರೂ ತಡವರಿಸುವುದಿಲ್ಲ.

‘ಕೇಂದ್ರ ಸರ್ಕಾರ’ವನ್ನು ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಏಳನೆಯ, ಎಂಟನೆಯ ತರಗತಿಯ ಮಗು ಮೊದಲ ಬಾರಿ ಓದುವ ಪದ ಅದರ ಮನೆಯ ಮಾತಿನಿಂದ ಹುಟ್ಟಿರಲಿ ಎನ್ನುತ್ತಿದ್ದೇನೆ.

ವಿರೋಧ: ಎರಡು ಮೂರು ಕೆಲಸಕ್ಕೆ ಒಂದೇ ಪದ ಸಾಲದು

ಮೊದಲು ಆ ಪದ್ಯವನ್ನೇ ಪೂರ್ತಿ ಓದೋಣ: ‘ಕಿಸುವೊಳಲಾ ವಿದಿತಮಹಾಕೊಪಣನಗರದಾ ಪುಲಿಗೆರೆಯಾ ಸದಭಿಸ್ತುತಮಪ್ಪೊಂಕುಂದದ…’ ವಿದಿತ, ಮಹಾ, ನಗರ, ಸದಭಿಸ್ತುತ, ಇವೆಲ್ಲ ಸಂಸ್ಕೃತ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವ ಪದ್ಯದಲ್ಲೇ ಅವು ‘ನಡುವಣ’ದ ಜೊತೆಗೆ ಕೂತಿವೆ. ಹದಿಮೂರನೆಯ ಶತಮಾನದಲ್ಲಿ ಆಂಡಯ್ಯ ತತ್ಸಮಗಳನ್ನು, ಅಂದರೆ ಸಂಸ್ಕೃತದಿಂದ ಹಾಗೆಯೇ ಬಂದ ಪದಗಳನ್ನು, ಬಿಟ್ಟು ಕಾವ್ಯ ಬರೆದು ತೋರಿಸಿದ, ಅದು ದೊಡ್ಡ ಸಾಧನೆಯೇ. ಆದರೆ ಆ ದಾರಿ ಹಿಡಿದ ಕವಿಗಳ ಸಾಲು ಬೆಳೆಯಲಿಲ್ಲ.

ನನ್ನ ಮುಖ್ಯ ತಕರಾರು ಇರುವುದು ಗಣಿತದಲ್ಲಿ. ವೃತ್ತದ ಪ್ರಮೇಯವೊಂದನ್ನು ತೆಗೆದುಕೊಳ್ಳಿ: ವೃತ್ತಕೇಂದ್ರದಿಂದ ಜ್ಯಾಗೆ ಎಳೆದ ಲಂಬ ಆ ಜ್ಯಾದ ಮಧ್ಯಬಿಂದುವಿನ ಮೂಲಕ ಹೋಗುತ್ತದೆ. ಇಲ್ಲಿ ಕೇಂದ್ರ ಬೇರೆ, ಮಧ್ಯಬಿಂದು ಬೇರೆ. ಪರಿಧಿಯ ಎಲ್ಲ ಬಿಂದುಗಳಿಂದ ಒಂದೇ ದೂರದಲ್ಲಿರುವುದು ಕೇಂದ್ರ, ರೇಖೆಯನ್ನು ಎರಡು ಸಮಪಾಲು ಮಾಡುವುದು ಮಧ್ಯಬಿಂದು. ಎರಡನ್ನೂ ‘ನಡು’ ಎಂದರೆ ‘ನಡುವಿನಿಂದ ಎಳೆದ ಲಂಬ ನಡುವಿನ ಮೂಲಕ ಹೋಗುತ್ತದೆ’ ಎಂದಾಗಿ ಪ್ರಮೇಯವೇ ಕರಗಿಹೋಗುತ್ತದೆ. ತ್ರಿಭುಜದಲ್ಲಿ ಇನ್ನೂ ಕಷ್ಟ. ಒಂದೊಂದು ಶೃಂಗದಿಂದ ಎದುರು ಬಾಹುವಿನ ಮಧ್ಯಬಿಂದುವಿಗೆ ಎಳೆದ ಮೂರು ಮಧ್ಯರೇಖೆಗಳು ಗುರುತ್ವಕೇಂದ್ರದಲ್ಲಿ ಸಂಧಿಸುತ್ತವೆ. ಆ ಬಿಂದು ಒಂದೊಂದು ಮಧ್ಯರೇಖೆಯನ್ನೂ 2:1ರಂತೆ ಭಾಗಿಸುತ್ತದೆ, ಅಂದರೆ ಅದು ಮಧ್ಯರೇಖೆಯ ಮಧ್ಯದಲ್ಲಿಲ್ಲ! ಮಗು ಇಲ್ಲಿ ಕಲಿಯಬೇಕಾದದ್ದೇ ಒಂದು ಬಗೆಯ ನಡು ಇನ್ನೊಂದು ಬಗೆಯ ನಡುವಲ್ಲ ಎಂಬುದನ್ನು. ಸಂಖ್ಯಾಶಾಸ್ತ್ರದ ‘ಮಧ್ಯಾಂಕ’ ಮತ್ತೊಂದು ಬಗೆ. ಪರ ವಾದಿಸಿದವರು ತೋರಿಸಿದ ನಡುಮನೆ, ನಡುಬೀದಿ, ನಡುಗಡ್ಡೆಗಳಲ್ಲಿ ಈ ಬೇರ್ಪಡಿಕೆಯ ಅಗತ್ಯ ಬರುವುದಿಲ್ಲ.

‘ನಟ್ಟನಡು’ ಕರಾರುವಾಕ್ಕಾದದ್ದು ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಕೇಂದ್ರಾಭಿಮುಖ, ಕೇಂದ್ರಾಪಗಾಮಿ, ಏಕಕೇಂದ್ರೀಯ, ವಿಕೇಂದ್ರೀಕರಣ, ಹೀಗೆ ಒಂದರಿಂದ ಒಂದು ಹುಟ್ಟುವ ಸಂಸಾರವನ್ನು ಅದರಿಂದ ಕಟ್ಟಿ ತೋರಿಸಲಿ. ಒಂದೆರಡು ಸಿಗಬಹುದು. ಇಡೀ ಭೌತವಿಜ್ಞಾನಕ್ಕೆ ಸಾಲುವಷ್ಟು ಸಿಗುವುದಿಲ್ಲ.

ಇನ್ನು ‘ಕೇಂದ್ರ’ ಕನ್ನಡಕ್ಕೆ ಹೊರಗಿನದು, ಅದನ್ನು ಬಿಡೋಣ ಎನ್ನುವವರೂ ಉಂಟು. ಅದು ಸಂಸ್ಕೃತಕ್ಕೂ ಹೊರಗಿನದೇ. ಗ್ರೀಕಿನ ‘ಕೆಂಟ್ರಾನ್’ ಎಂದರೆ ಮೊನೆ, ದನಕ್ಕೆ ಚುಚ್ಚುವ ಮುಳ್ಳುಗೋಲು. ಮುಂದೆ ಅದು ಕೈವಾರದ ಊರಿದ ಮುಳ್ಳಿಗೂ, ಆ ಮುಳ್ಳು ಊರಿದ ಬಿಂದುವಿಗೂ ಹೆಸರಾಯಿತು. ಯವನರ ಜ್ಯೋತಿಷದ ಜೊತೆ ಭಾರತಕ್ಕೆ ಬಂದು ‘ಕೇಂದ್ರ’ವಾಯಿತು. ಜಾತಕ ನೋಡುವವರು ಇಂದಿಗೂ ಲಗ್ನದಿಂದ ಒಂದು, ನಾಲ್ಕು, ಏಳು, ಹತ್ತನೆಯ ಮನೆಗಳನ್ನು ಕೇಂದ್ರಸ್ಥಾನ ಎನ್ನುತ್ತಾರೆ. ಇಂಗ್ಲಿಷಿನ ‘ಸೆಂಟರ್’ ಹುಟ್ಟಿದ್ದೂ ಅದೇ ಮುಳ್ಳಿನಿಂದ. ಕೈವಾರದ ಮುಳ್ಳನ್ನು ಹಾಳೆಗೆ ಊರಿ ವೃತ್ತ ಎಳೆಯುವ ಮಗುವಿಗೆ ಈ ಕತೆ ಹೇಳಿದರೆ ಪದ ತಾನಾಗಿಯೇ ನಿಲ್ಲುತ್ತದೆ. ಇಂಥ ಪದವನ್ನು ಮೂಲ ನೋಡಿ ಹೊರಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

‘ಮಧ್ಯ’ವೂ ಕನ್ನಡದಲ್ಲಿ ಅತಿಥಿಯಾಗಿ ಉಳಿದಿಲ್ಲ. ‘ನಮ್ಮಿಬ್ಬರ ಮಧ್ಯೆ’ ಎನ್ನುವಾಗ ನಾವು ಬಳಸುವುದು ಸಂಸ್ಕೃತದ ಸಪ್ತಮೀ ರೂಪ ‘ಮಧ್ಯೇ’. ಕೊನೆಯ ದೀರ್ಘವನ್ನು ಹ್ರಸ್ವ ಮಾಡಿ, ವಿಭಕ್ತಿ ಎಂಬುದನ್ನೇ ಮರೆತು, ನಮ್ಮದಾಗಿ ಮಾಡಿಕೊಂಡಿದ್ದೇವೆ. ಹಳ್ಳಿಯಲ್ಲಿ ‘ಮಧ್ಯಾನದ ಊಟ’ ಎನ್ನುತ್ತಾರೆ, ‘ನಡುಹಗಲ ಊಟ’ ಎಂದು ಕೇಳುವುದು ಅಪರೂಪ. ಸಂಗೀತ ಕಲಿಯುವ ಮಗುವಿಗೆ ‘ಮ’ ಎಂದರೆ ಮಧ್ಯಮ, ಏಳು ಸ್ವರಗಳ ಸಾಲಿನಲ್ಲಿ ಆಚೆ ಮೂರು, ಈಚೆ ಮೂರು. 72 ಮೇಳಕರ್ತಗಳು 36 ಶುದ್ಧ ಮಧ್ಯಮ, 36 ಪ್ರತಿ ಮಧ್ಯಮ ಎಂದು ಇಬ್ಭಾಗವಾಗುವುದೂ ಆ ಸ್ವರದಿಂದಲೇ. ‘ಕನ್ನಡ ಮಾಧ್ಯಮ’ದ ಶಾಲೆಗಳಿಗಾಗಿ ಹೋರಾಡುವವರು ಕೂಗುವ ಘೋಷಣೆಯಲ್ಲೂ ಇರುವುದು ಇದೇ ‘ಮಧ್ಯ’.

ಮದ್ಯ-ಮಧ್ಯ ಗೊಂದಲ ದಿಟ. ಅದಕ್ಕೆ ಮದ್ದು ಕಾಗುಣಿತ ಕಲಿಸುವುದು.

ಹಾಗಾದರೆ ‘ನಡು’ವಿಗೆ ಪುಸ್ತಕದಲ್ಲಿ ಜಾಗವಿಲ್ಲವೇ? ವಿವರಣೆಯಲ್ಲಿ ಧಾರಾಳವಾಗಿ ಬರಲಿ. ‘ಮಧ್ಯಾಂಕ’ದ ಪಾಠ ‘ಸಂಖ್ಯೆಗಳನ್ನು ಏರಿಕೆಯ ಸಾಲಿನಲ್ಲಿ ಬರೆದಾಗ ನಟ್ಟನಡುವೆ ಬರುವುದು’ ಎಂಬ ಮಾತಿನಿಂದಲೇ ಶುರುವಾಗಲಿ. ಎರಡು ನದಿಗಳ ನಡುವಿನ ಭೂಮಿಯ ಪಾಠದಲ್ಲಿ ‘ದೋಆಬ್’ ಪಕ್ಕದಲ್ಲಿ ‘ಎಡೆದೊರೆ’ಯನ್ನೂ ಅಚ್ಚು ಹಾಕಲಿ, ಆ ಒಂದು ಬೇಡಿಕೆಗೆ ನನ್ನ ಸಹಿಯೂ ಇದೆ. ಆದರೆ ಪರೀಕ್ಷೆಯಲ್ಲಿ ಮಗು ‘ವೃತ್ತಕೇಂದ್ರ’ ಎಂದು ಬರೆಯುವ ಕಡೆ ‘ನಡು’ ಎಂದು ಬರೆಯುವಂತೆ ಮಾಡಬೇಡಿ. ಯಾವ ನಡು ಎಂದು ಮೌಲ್ಯಮಾಪಕರು ಕೇಳಿದರೆ ಅದರ ಬಳಿ ಉತ್ತರವಿರುವುದಿಲ್ಲ.