ಲ್ಯಾಬಿನಲ್ಲಿ ಯಾರಿದ್ದಾರೆ, ಯಾರಿಲ್ಲ?

ಅಮೆರಿಕದ ಒಂದು ರೂಢಿ ನನಗೆ ತುಂಬಾ ಹಿಡಿಸಿದೆ. ಯಾವ ಜನಾಂಗದವರು ಎಷ್ಟು ಮಂದಿ ಪಿಎಚ್‌ಡಿ ಮಾಡಿದರು ಅನ್ನೋದನ್ನ ಎಣಿಸಿ ಎಲ್ಲರ ಮುಂದೆ ಇಡುತ್ತಾರೆ. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಓದು, ತರಬೇತಿ, ಪ್ರಕಟವಾದ ಲೇಖನ ಎಲ್ಲ ಸರಿಸಮ ಇದ್ದರೂ, ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನ ಅನುದಾನ ಸಿಗುವ ಸಾಧ್ಯತೆ ಬಿಳಿಯರಿಗಿಂತ ಕಪ್ಪು ವಿಜ್ಞಾನಿಗಳಿಗೆ ಸುಮಾರು 10 ಪರ್ಸೆಂಟೇಜ್ ಪಾಯಿಂಟ್ ಕಡಿಮೆ ಇತ್ತು. ಆ ಅಧ್ಯಯನ ಮಾಡಿಸಿದ್ದೇ ಎನ್‌ಐಎಚ್. ತನ್ನ ಮನೆಯ ಹುಳುಕನ್ನು ತಾನೇ ಹುಡುಕಿಸೋದು ಸಣ್ಣ ಮಾತಲ್ಲ.

ನಾನಿರುವ ಮೇರಿಲ್ಯಾಂಡಿನಲ್ಲೇ ಯುಎಂಬಿಸಿ ವಿಶ್ವವಿದ್ಯಾಲಯ ಇದೆ. ಗಣಿತಜ್ಞ ಫ್ರೀಮನ್ ಹ್ರಬೊವ್ಸ್ಕಿ ಅಲ್ಲಿ 1988ರಲ್ಲಿ ಮೇಯರ್‌ಹಾಫ್ ಯೋಜನೆ ಶುರು ಮಾಡಿದರು. ವಿಜ್ಞಾನ ಓದುವ ಕಪ್ಪು ಹುಡುಗರಿಗೆ ಬರೀ ಸ್ಕಾಲರ್‌ಶಿಪ್ ಕೊಟ್ಟು ಬಿಡಲಿಲ್ಲ. ಕಾಲೇಜು ಶುರುವಾಗುವ ಮೊದಲೇ ಬೇಸಿಗೆಯಲ್ಲಿ ಪಾಠ, ಗುಂಪಾಗಿ ಓದು, ಬೇಗನೇ ಲ್ಯಾಬಿನಲ್ಲಿ ಜಾಗ. 'ನಾನೊಬ್ಬನೇ' ಅನ್ನುವ ಅಳುಕು ಹೋದರೆ ಅರ್ಧ ಯುದ್ಧ ಗೆದ್ದ ಹಾಗೆ, ಅಲ್ವಾ? ಆಮೇಲೆ ಯೋಜನೆ ಎಲ್ಲರಿಗೂ ತೆರೆಯಿತು. ಮಾಡರ್ನಾ ಕೋವಿಡ್ ಲಸಿಕೆಗೆ ಎನ್‌ಐಎಚ್‌ನಲ್ಲಿ ದುಡಿದ ಕಪ್ಪು ವಿಜ್ಞಾನಿ ಕಿಜ್ಮೀಕಿಯಾ ಕಾರ್ಬೆಟ್ ಇಲ್ಲಿಂದಲೇ ಬಂದವರು.

ಈಗ ಇಲ್ಲೂ ಗಾಳಿ ಬದಲಾಗಿದೆ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡಬಾರದು ಅಂದಿತು. ನನಗೆ ಸಂಕಟ ಆಗುತ್ತದೆ.

ಆದರೆ ನಮ್ಮವರ ಮಾತು ಇನ್ನೂ ನೋಯಿಸುತ್ತದೆ. 'ವಿಜ್ಞಾನಕ್ಕೆ ಜಾತಿ ಇಲ್ಲ' ಅಂತ ಎದೆ ತಟ್ಟಿ ಹೇಳುತ್ತಾರೆ. ಭೌತವಿಜ್ಞಾನಿ ಮೇಘನಾದ ಸಾಹಾ ಅಂಥವರೇ ಕಲ್ಕತ್ತೆಯ ಹಾಸ್ಟೆಲಿನಲ್ಲಿ ಜಾತಿಯ ಅವಮಾನ ಉಂಡಿದ್ದರು. ಐಐಟಿಗಳಲ್ಲಿ ದಲಿತ, ಆದಿವಾಸಿ ಪ್ರಾಧ್ಯಾಪಕರು ಎಷ್ಟು ಅನ್ನೋದು ಇಂದಿಗೂ ಸಂಸತ್ತಿನಲ್ಲಿ ಯಾರಾದರೂ ಪ್ರಶ್ನೆ ಎತ್ತಿದಾಗ ಸುದ್ದಿಯಾಗುತ್ತದೆ. ಇಲ್ಲಿನ ಫಾರ್ಮುಗಳಲ್ಲಿ ನಾವೆಲ್ಲ 'ಏಷ್ಯನ್' ಅಂತ ಗುರುತು ಹಾಕುತ್ತೇವೆ. ಆ ಒಂದೇ ಗುರುತಿನ ಅಡಿಯಲ್ಲಿ, ನಮ್ಮಲ್ಲಿ ಯಾವ ಮನೆಗಳ ಮಕ್ಕಳು ಇಲ್ಲಿಗೆ ಬರುತ್ತಾರೆ, ಯಾವ ಮನೆಗಳವರು ಬರೋದೇ ಇಲ್ಲ ಅನ್ನೋದು ಮುಚ್ಚಿಹೋಗುತ್ತದೆ. ಬಣ್ಣದ ವಿಷಯಕ್ಕೆ ದನಿ ಎತ್ತುವ ನಮ್ಮ ಜನ ಇದರ ಬಗ್ಗೆ ಮಾತಾಡೋದು ತೀರಾ ಕಡಿಮೆ.

ಬೆಂಗಳೂರಿನಲ್ಲಿ ಎಷ್ಟೊಂದು ಸಂಶೋಧನಾ ಸಂಸ್ಥೆಗಳಿವೆ. ಯಾರು ಸೇರಿದರು, ಯಾರು ನಡುವೆ ಬಿಟ್ಟರು, ಯಾರು ಪ್ರಾಧ್ಯಾಪಕರಾದರು ಅಂತ ಪ್ರತಿ ವರ್ಷ ಜನರ ಮುಂದೆ ಇಡಲಿ. ಬಿಟ್ಟು ಹೋದವರನ್ನು ಕರೆದು, ಯಾಕೆ ಬಿಟ್ಟಿರಿ ಅಂತ ಕೇಳಲಿ.